ಸೀಟಿನಡಿಯ ಕರೆಂಟು

ಇಂಗ್ಲೆಂಡಿನ ಉತ್ತರದಲ್ಲಿ, ಯಾರ್ಕ್‌ಶೈರ್ ಡೇಲ್ಸ್ ಗುಡ್ಡಗಳ ಹೆಬ್ಬಾಗಿಲೆನಿಸಿದ ಸ್ಕಿಪ್ಟನ್. ಮಾರ್ಚ್ ತಿಂಗಳ ಶನಿವಾರದ ಬೆಳಗು, ಮಳೆ ಈಗಷ್ಟೇ ಬಿಟ್ಟಿದೆ. ಕಲ್ಲುಮನೆಗಳ ಸಾಲಿನ ಕೊನೆಯ ಅಂಗಳದಲ್ಲಿ ಬಿಳಿಯ ಫಿಯೆಟ್ ಡುಕಾಟೊ ಕ್ಯಾಂಪರ್‌ವ್ಯಾನ್. ಚಳಿಗಾಲವಿಡೀ ಅಲುಗದೆ ನಿಂತದ್ದಕ್ಕೆ ಕಿಟಕಿಯ ರಬ್ಬರಿನಂಚಿಗೆ ಪಾಚಿ ಹತ್ತಿದೆ. ಜಾರುಬಾಗಿಲು ಪೂರಾ ತೆರೆದಿದೆ. ಒಳಗೆ ಮೆತ್ತೆಗಳನ್ನೆಲ್ಲ ಎತ್ತಿ ಒಲೆಯ ಮೇಲಕ್ಕೆ ಪೇರಿಸಿ, ಸೀಟಿನ ಹಲಗೆ ತೆಗೆದು, ಮಂಡಿಯೂರಿ ಕೂತಿದ್ದಾರೆ ಮನೆಯಾಕೆ. ದೊಡ್ಡಾಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಗಂಡ ಹೊರಗೆ ನಿಂತು ಹಳೆಯ ಟವೆಲಿನ ಮೇಲೆ ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಜೋಡಿಸುತ್ತಿದ್ದಾರೆ.

ಸೀಟಿನಡಿಯ ಗುಂಡಿಯಲ್ಲಿ ಅಕ್ಕಪಕ್ಕ ಎರಡು ಬ್ಯಾಟರಿ. ಒಂದೊಂದೂ 12 ವೋಲ್ಟು, 110 ಆಂಪಿಯರ್-ಅವರ್. ಒಂದರ ಪ್ಲಸ್ ತುದಿಯಲ್ಲಿ ನೀಲಿ-ಹಸಿರು ಹುಡಿ ಬೆಳೆದಿದೆ. ಆಕೆ ಮಲ್ಟಿಮೀಟರಿನ ಕೆಂಪು, ಕಪ್ಪು ಕಡ್ಡಿಗಳನ್ನು ತುದಿಗಳಿಗೆ ಒತ್ತುತ್ತಾರೆ. 11.6. “ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ದೆ, ಬೆಳಿಗ್ಗೆ ಪ್ಲಗ್ ಕಿತ್ತಿದ್ದಷ್ಟೇ” ಅನ್ನುತ್ತಾರೆ. ತುಂಬಿದ ಸೀಸದ ಬ್ಯಾಟರಿ 12.7 ತೋರಿಸಬೇಕು, 12.2ಕ್ಕೆ ಬಂದರೆ ಅರ್ಧ ಖಾಲಿ. ರಾತ್ರಿಯಿಡೀ ಉಂಡು ಬೆಳಿಗ್ಗೆ 11.6ಕ್ಕೆ ಇಳಿದದ್ದೆಂದರೆ ಆಯುಸ್ಸು ಮುಗಿಯಿತೆಂದೇ ಅರ್ಥ. ಜೋಡಿಯಲ್ಲಿ ಒಂದು ಕೆಟ್ಟರೂ ಅದು ಇನ್ನೊಂದರ ಕರೆಂಟನ್ನು ಎಳೆದೆಳೆದು ಹಾಳುಮಾಡುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೇ ತೆಗೆಯುವುದೇ ಸರಿಯಾದ ಕ್ರಮ. ಒಂದನ್ನು ಉಳಿಸಿಕೊಂಡು ದುಡ್ಡು ಮಿಗಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಈ ವ್ಯಾನಿನ ಎಂಜಿನ್ನಿಗೆ ತನ್ನದೇ ಬ್ಯಾಟರಿ ಬೇರೆ ಇದೆ, ಮುಂದೆ ಕಾಲಿಡುವ ಜಾಗದ ನೆಲದಡಿಯಲ್ಲಿ. ಕೀಲಿ ತಿರುಗಿಸಿದಾಗ ಒಂದೆರಡು ಕ್ಷಣ ನೂರಾರು ಆಂಪಿಯರ್ ಕೊಟ್ಟು ಸುಮ್ಮನಾಗುವುದು ಅದರ ಕೆಲಸ. ಸೀಟಿನಡಿಯ ಜೋಡಿಯದು ಸಂಸಾರದ ಕೆಲಸ. ದೀಪ, ನೀರಿನ ಪಂಪು, ಪುಟ್ಟ ಫ್ರಿಜ್ಜು, ಡೀಸೆಲ್ ಹೀಟರಿನ ಫ್ಯಾನು, ಎಲ್ಲಕ್ಕೂ ಗಂಟೆಗಟ್ಟಲೆ ಸ್ವಲ್ಪಸ್ವಲ್ಪವೇ ಕೊಡುತ್ತಿರಬೇಕು. ಅದಕ್ಕೇ ಇದರ ಪ್ಲೇಟುಗಳು ದಪ್ಪ. ಬೆಂಗಳೂರಿನ ಮನೆಗಳಲ್ಲಿ ಕರೆಂಟು ಹೋದಾಗ ಫ್ಯಾನು ತಿರುಗಿಸುವ ಯುಪಿಎಸ್ ಬ್ಯಾಟರಿ ಇದೇ ಜಾತಿಯದು.

ದಪ್ಪ ಪ್ಲೇಟಿದ್ದರೂ ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಸೀಸ ತಾಳುವುದಿಲ್ಲ. ಬ್ಯಾಟರಿ ಖಾಲಿಯಾಗುವಾಗ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಚಾರ್ಜಾಗುವಾಗ ಕರಗುತ್ತದೆ. ಖಾಲಿಯಾಗಿಯೇ ವಾರಗಟ್ಟಲೆ ಬಿಟ್ಟರೆ ಆ ಸಲ್ಫೇಟು ಗಟ್ಟಿ ಹರಳಾಗಿ ನಿಲ್ಲುತ್ತದೆ. ಆಮೇಲೆ ಎಷ್ಟು ಚಾರ್ಜು ಕೊಟ್ಟರೂ ಆ ಭಾಗ ಸತ್ತಂತೆಯೇ. ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ 1859ರಲ್ಲಿ ಸೀಸದ ಹಾಳೆಗಳನ್ನು ಗಂಧಕಾಮ್ಲದಲ್ಲಿ ಅದ್ದಿ ಮೊದಲ ಬಾರಿಗೆ ಮರುಚಾರ್ಜಾಗುವ ಬ್ಯಾಟರಿ ಮಾಡಿದ ಕಾಲದಿಂದಲೂ ಈ ಗುಣ ಅದನ್ನು ಬಿಟ್ಟಿಲ್ಲ.

ಈ ದಂಪತಿಗೆ ತಮ್ಮ ಬ್ಯಾಟರಿ ಸೋತ ವಿಷಯ ಗೊತ್ತಾದದ್ದು ನವೆಂಬರಿನಲ್ಲಿ, ಸ್ಕಾಟ್ಲೆಂಡಿನ ಗ್ಲೆಂಕೋ ಕಣಿವೆಯಲ್ಲಿ. ಡೀಸೆಲ್ ಹೀಟರ್ ಹೊತ್ತಿಕೊಳ್ಳುವಾಗ ಕೆಲವು ನಿಮಿಷ ಸುಮಾರು 10 ಆಂಪಿಯರ್ ಎಳೆಯುತ್ತದೆ. ಮುದಿ ಬ್ಯಾಟರಿಯ ವೋಲ್ಟೇಜು ಆ ಎಳೆತಕ್ಕೇ ಕುಸಿದರೆ, ಹೀಟರು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಟ್ಯಾಂಕಿನ ತುಂಬ ಡೀಸೆಲ್ ಇತ್ತು, ಆದರೂ ಇಬ್ಬರೂ ಕೋಟು ತೊಟ್ಟೇ ಮಲಗಿದ್ದರು.

ಬದಲಿಗೆ ಬಂದಿರುವುದು ಬಾಗಿಲ ಬಳಿಯ ರಟ್ಟಿನ ಡಬ್ಬದಲ್ಲಿದೆ. ಲಿಥಿಯಂ ಐರನ್ ಫಾಸ್ಫೇಟ್, 100 ಆಂಪಿಯರ್-ಅವರ್, ಒಂದೇ ಒಂದು. ಸೀಸದ ಎರಡರಿಂದ ನೆಮ್ಮದಿಯಾಗಿ ತೆಗೆಯಬಹುದಾಗಿದ್ದದ್ದು ಅರ್ಧ, ಅಂದರೆ 110. ಲಿಥಿಯಂ ತನ್ನಲ್ಲಿರುವುದನ್ನು ಹೆಚ್ಚುಕಡಿಮೆ ಪೂರ್ತಿ ಕೊಡುತ್ತದೆ. ಹಳೆಯವು ಒಂದೊಂದೂ 25 ಕಿಲೊ ತೂಗಿದರೆ ಇದು 12ರ ಆಸುಪಾಸು. ಇಂಥ ಹೆಚ್ಚಿನ ವ್ಯಾನುಗಳ ಒಟ್ಟು ತೂಕ 3,500 ಕಿಲೊ ಮೀರುವಂತಿಲ್ಲ. ಉಳಿದ ತೂಕದಲ್ಲಿ ಕುಡಿಯುವ ನೀರು ಒಯ್ಯಬಹುದು.

ಈ ಬಗೆಯ ಬ್ಯಾಟರಿಗೆ ದಾರಿ ತೋರಿದ ಪ್ರಬಂಧ 1997ರಲ್ಲಿ ಅಮೆರಿಕದ ಆಸ್ಟಿನ್‌ನಿಂದ ಬಂತು. ಅದರ ಮೇಲೆ ಮೂರು ಹೆಸರು: ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ಜಾನ್ ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರಲ್ಲಿ, 97ನೆಯ ವಯಸ್ಸಿನಲ್ಲಿ, ನೊಬೆಲ್ ಬಂತು. ನಡುವಿನ ಹೆಸರು ನಮ್ಮ ಕಪಿಲೆಯ ದಂಡೆಯ ದೇವರದು. ಯಾರ್ಕ್‌ಶೈರಿನ ಅಂಗಳದಲ್ಲಿ ಆ ರಟ್ಟಿನ ಡಬ್ಬ ನೋಡುವಾಗ ನನಗೆ ಅದು ನೆನಪಾಗದೆ ಇರಲಿಲ್ಲ, ಸಂತೋಷವೂ ಆಯಿತು.

ಹಾಗೆಂದು ಎಲ್ಲರೂ ಲಿಥಿಯಂಗೆ ಹೋಗಬೇಕೆಂದು ನಾನು ಹೇಳಲಾರೆ. ಪ್ರತಿ ರಾತ್ರಿ ಕ್ಯಾಂಪ್‌ಸೈಟಿನ ಕರೆಂಟಿಗೆ ಪ್ಲಗ್ ಹಾಕಿಕೊಳ್ಳುವವರಿಗೆ ಸೀಸವೇ ಸಾಕು. ಲಿಥಿಯಂ ಹಾಕುವುದಾದರೆ ಎಂಜಿನ್ನಿನ ಆಲ್ಟರ್ನೇಟರಿನಿಂದ ಬರುವ ಚಾರ್ಜಿನ ದಾರಿಯನ್ನೂ ತಿದ್ದಬೇಕು: ಹಸಿದ ಲಿಥಿಯಂ ಎಷ್ಟು ಕೊಟ್ಟರೂ ಎಳೆದುಕೊಂಡು ಆಲ್ಟರ್ನೇಟರನ್ನು ಕಾಯಿಸಿಬಿಡುತ್ತದೆ, ನಡುವೆ ಅಳತೆಯಿಟ್ಟು ಕೊಡುವ ಚಾರ್ಜರ್ ಬೇಕು. ಈ ಮನೆಯವರು ಅದನ್ನು ಎಲೆಕ್ಟ್ರಿಷಿಯನ್ ಕೈಲಿ ಮೊದಲೇ ಮಾಡಿಸಿದ್ದಾರೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂಗೆ ಚಾರ್ಜು ಕೊಡಬಾರದು. ಹೆಚ್ಚಿನವುಗಳಲ್ಲಿ ಒಳಗಿನ ಸರ್ಕ್ಯೂಟೇ ತಡೆಯುತ್ತದಾದರೂ, ಬೆಚ್ಚಗಿರುವ ಕೋಣೆಯೊಳಗೆ, ಸೀಟಿನಡಿಯಲ್ಲಿ ಇಡುವುದು ಮೇಲು.

ಈಗ ಆಕೆ ಬೆರಳಿನ ಉಂಗುರ ಬಿಚ್ಚಿ ಜೇಬಿಗೆ ಹಾಕುತ್ತಾರೆ. ಹೊರಗಿನ ಕರೆಂಟಿನ ನೀಲಿ ಪ್ಲಗ್ ಕಳಚಿದೆ. ಸೋಲಾರ್ ಪ್ಯಾನೆಲ್ಲಿನ ಸ್ವಿಚ್ಚೂ ಆರಿದೆ, ಬ್ಯಾಟರಿ ಇಲ್ಲದೆ ಬಿಸಿಲಿನ ಕರೆಂಟು ಬಂದರೆ ಕಂಟ್ರೋಲರ್ ಸುಡಬಹುದು. ಮೊದಲು ಮೈನಸ್. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಜಾರಿ ವ್ಯಾನಿನ ಲೋಹಕ್ಕೆ ತಗುಲಿದರೂ ಆಗ ಕಿಡಿ ಹಾರುವುದಿಲ್ಲ. ಅರ್ಧ ಸುತ್ತು, ಇನ್ನರ್ಧ ಸುತ್ತು, ನಟ್ಟು ಸಡಿಲವಾಗುತ್ತದೆ. ಬಿಚ್ಚಿದ ತುದಿಗೆ ಬಟ್ಟೆ ಸುತ್ತುತ್ತಾರೆ. ಆಮೇಲೆ ಪ್ಲಸ್. ಹುಡಿ ಹಿಡಿದ ನಟ್ಟು ಜಗ್ಗುವುದಿಲ್ಲ. ಬಿಸಿನೀರು ಸುರಿದು ಕಾಯುತ್ತಾರೆ. ಬೋಲ್ಟು ಮುರಿಯುವಂತೆ ಒತ್ತದ ಆ ಕೈಯ ತಾಳ್ಮೆ ನೋಡುವಂಥದು.

“ಬೆನ್ನು ಬಗ್ಗಿಸಬೇಡ, ಮಂಡಿ ಬಗ್ಗಿಸು” ಎಂದು ಗಂಡನಿಗೆ ಹೇಳಿ ಪಟ್ಟಿಯ ಒಂದು ತುದಿ ಕೊಡುತ್ತಾರೆ. ಇಬ್ಬರೂ ಏದುತ್ತ ಒಂದು, ಆಮೇಲೆ ಇನ್ನೊಂದನ್ನು ಅಂಗಳಕ್ಕೆ ಇಳಿಸುತ್ತಾರೆ. ನೆಲದ ರಂಧ್ರದಲ್ಲಿ ಸಣ್ಣ ಪೈಪೊಂದು ಉಳಿಯುತ್ತದೆ. ಸೀಸದ ಬ್ಯಾಟರಿ ಚಾರ್ಜಾಗುವಾಗ ಬಿಡುವ ಹೈಡ್ರೋಜನ್ ಹೊರಹೋಗುತ್ತಿದ್ದ ದಾರಿ ಅದು. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೂ ಒಂದು ಕಿಡಿಗೆ ಸ್ಫೋಟಿಸಬಲ್ಲ ಅನಿಲ. ಲಿಥಿಯಂಗೆ ಆ ಪೈಪು ಬೇಡ. ರಂಧ್ರಕ್ಕೆ ರಬ್ಬರ್ ಬಿರಡೆ ಬೀಳುತ್ತದೆ.

ಹೊಸದನ್ನು ಆಕೆ ಒಬ್ಬರೇ ಎತ್ತಿ ಗುಂಡಿಗಿಳಿಸಿ, ಅಲುಗದಂತೆ ಪಟ್ಟಿ ಬಿಗಿಯುತ್ತಾರೆ. ಈಗ ಕ್ರಮ ತಿರುಗುಮುರುಗು: ಮೊದಲು ಪ್ಲಸ್, ಕೊನೆಗೆ ಮೈನಸ್. ಪ್ಲಸ್ ತಂತಿಗೆ ಬ್ಯಾಟರಿಯ ಮಗ್ಗುಲಲ್ಲೇ ಫ್ಯೂಸು. ಮೀಟರು 13.2 ತೋರಿಸುತ್ತದೆ. ಸೋಲಾರ್ ಕಂಟ್ರೋಲರನ್ನು ಲಿಥಿಯಂಗೆ ಹೊಂದಿಸಿ ಪ್ಯಾನೆಲ್ಲಿನ ಸ್ವಿಚ್ಚು ಹಾಕುತ್ತಾರೆ. ಹೀಟರ್ ಹಚ್ಚಿದಾಗ ಗಂಡ ಮೀಟರಿನ ಮೇಲಿಟ್ಟ ಕಣ್ಣು ತೆಗೆಯುವುದಿಲ್ಲ. 13.1. ಅಲ್ಲಿಂದ ಕೆಳಗಿಳಿಯಲಿಲ್ಲ. ಡೀಸೆಲ್ ಹೊತ್ತಿಕೊಂಡು ಫ್ಯಾನು ಜೋರಾಗುತ್ತದೆ.

ಮಧ್ಯಾಹ್ನ ಹಳೆಯವೆರಡನ್ನೂ ಕಾರಿನ ಡಿಕ್ಕಿಯಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಮರುಬಳಕೆ ಕೇಂದ್ರಕ್ಕೆ ಒಯ್ಯುತ್ತಾರೆ. ಬ್ರಿಟನ್ನಿನಲ್ಲಿ ಇವನ್ನು ಕಸದ ಗುಂಡಿಗೆ ಹಾಕುವಂತಿಲ್ಲ. ಸೀಸ ಕರಗಿ ಮತ್ತೆ ಪ್ಲೇಟಾಗುತ್ತದೆ, ಪ್ಲಾಸ್ಟಿಕ್ಕೂ ಬಳಕೆಗೆ ಬರುತ್ತದೆ. ಕೈಗವಸು ತೊಟ್ಟ ಕೆಲಸದ ಹುಡುಗ ಸೋರುತ್ತಿಲ್ಲವೆಂದು ನೋಡಿ ದೊಡ್ಡ ತೊಟ್ಟಿಗೆ ಇಳಿಸುತ್ತಾನೆ. ಬದಲಿಗೆ ಲಿಥಿಯಂ ಹಾಕಿದ್ದೇವೆ ಅಂದಾಗ ಅವನ ಮುಖ ಗಂಭೀರವಾಗುತ್ತದೆ: “ಅದು ಹಳೆಯದಾದಾಗ ಈ ತೊಟ್ಟಿಗೆ ಹಾಕಬೇಡಿ. ಸೀಸದ ಜೊತೆ ಸೇರಿ ಕುಲುಮೆಗೆ ಹೋದರೆ ಬೆಂಕಿಯಾಗುತ್ತದೆ. ನಮ್ಮನ್ನು ಕೇಳಿ, ಬೇರೆ ಜಾಗ ತೋರಿಸ್ತೀವಿ.”