ಅಮೃತಬಳ್ಳಿ: ಅಳತೆಯರಿತು ಸೇವಿಸಬೇಕಾದ ಔಷಧ

ಹುಬ್ಬಳ್ಳಿ-ಧಾರವಾಡ ಪರಿಸರದ ಹಿತ್ತಲುಗಳಲ್ಲಿ, ಹೊಲದ ಬೇಲಿಗಳಲ್ಲಿ, ಬೇವಿನ ಮರಗಳ ಮೇಲೆ ಹಬ್ಬಿ ಬೆಳೆಯುವ ಅಮೃತಬಳ್ಳಿಯನ್ನು ಅರಿಯದವರು ವಿರಳ. ಸಂಸ್ಕೃತದಲ್ಲಿ ಇದಕ್ಕೆ ಗುಡೂಚಿ, ಅಮೃತಾ, ಛಿನ್ನರುಹಾ ಮುಂತಾದ ಹೆಸರುಗಳಿವೆ. ಛಿನ್ನರುಹಾ ಎಂದರೆ ಕತ್ತರಿಸಿದರೂ ಮತ್ತೆ ಬೆಳೆಯುವಂಥದು. ಬುಡ ಕಡಿದರೂ ಮರದ ಮೇಲುಳಿದ ಕಾಂಡವು ದಾರದಂತಹ ಬೇರುಗಳನ್ನು ಇಳಿಬಿಟ್ಟು ಮರಳಿ ನೆಲವನ್ನು ಸೇರುತ್ತದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಟೈನೋಸ್ಪೊರಾ ಕಾರ್ಡಿಫೋಲಿಯಾ. ಹೃದಯಾಕಾರದ ಎಲೆಯುಳ್ಳದ್ದು ಎಂಬುದು ಈ ಹೆಸರಿನ ಎರಡನೆಯ ಪದದ ಅರ್ಥ.

ಚರಕಸಂಹಿತೆಯು ಬುದ್ಧಿವರ್ಧಕವಾದ ನಾಲ್ಕು ಮೇಧ್ಯ ರಸಾಯನಗಳಲ್ಲಿ ಗುಡೂಚಿಯನ್ನೂ ಎಣಿಸಿದೆ. ಜ್ವರ, ಕಾಮಾಲೆ, ವಾತರಕ್ತ, ಪ್ರಮೇಹಗಳಲ್ಲಿ ವೈದ್ಯರು ಇದನ್ನು ಬಹುಕಾಲದಿಂದ ಪ್ರಯೋಗಿಸುತ್ತ ಬಂದಿದ್ದಾರೆ. ಕೊರೊನಾ ಕಾಲದಲ್ಲಿ ಈ ಬಳ್ಳಿಯ ಕಷಾಯ ಮನೆಮನೆಯ ನಿತ್ಯಪಾನವಾಯಿತು. ಆದರೆ ಅದೇ ಕಾಲದಲ್ಲಿ, ಕಾಮಾಲೆಗೆ ಮದ್ದೆಂದು ಹೆಸರಾದ ಈ ಬಳ್ಳಿಯನ್ನು ಸೇವಿಸಿದವರಲ್ಲಿ ಕೆಲವರು ಕಾಮಾಲೆಯಿಂದಲೇ ಆಸ್ಪತ್ರೆ ಸೇರಿದರು. ಇದು ಹೇಗೆ ಸಾಧ್ಯವೆಂಬುದನ್ನು ತಿಳಿಯಲು ಬಳ್ಳಿಯೊಳಗಿನ ರಸಾಯನಗಳನ್ನು ಅರಿಯುವುದು ಅವಶ್ಯ.

ಬಳ್ಳಿಯೊಳಗೆ ಏನಿದೆ?

ಅಮೃತಬಳ್ಳಿಯ ಕಾಂಡದಲ್ಲಿರುವ ಮುಖ್ಯ ದ್ರವ್ಯಗಳನ್ನು ಸ್ಥೂಲವಾಗಿ ಮೂರು ವರ್ಗಗಳಲ್ಲಿ ಕಾಣಬಹುದು. ಮೊದಲನೆಯದು ಬರ್ಬರಿನ್, ಪಾಲ್ಮಟಿನ್, ಮ್ಯಾಗ್ನೋಫ್ಲೋರಿನ್ ಎಂಬ ಕ್ಷಾರಾಭಗಳು, ಅಂದರೆ ಆಲ್ಕಲಾಯ್ಡುಗಳು. ಮರದರಿಸಿನಕ್ಕೆ ಹಳದಿ ಬಣ್ಣವನ್ನು ಕೊಡುವುದೂ ಈ ಬರ್ಬರಿನ್ನೇ. ಎರಡನೆಯದು ಕೊಲಂಬಿನ್, ಟೈನೋಸ್ಪೊರೈಡ್ ಮೊದಲಾದ ಡೈಟರ್ಪೀನುಗಳು. ಬಳ್ಳಿಯ ಕಹಿಗೆ ಇವು ಮುಖ್ಯ ಕಾರಣ. ಮೂರನೆಯದು ಬಹುಶರ್ಕರಗಳು, ಎಂದರೆ ಸಕ್ಕರೆಯ ಅಣುಗಳು ಸರಪಳಿಯಂತೆ ಕೂಡಿ ಆದ ದೊಡ್ಡ ಅಣುಗಳು. ಇವುಗಳಲ್ಲಿ ಅರಾಬಿನೋಗ್ಯಾಲಕ್ಟನ್ ಎಂಬುದು ರೋಗಾಣುಗಳನ್ನು ನುಂಗುವ ರಕ್ಷಕ ಕೋಶಗಳನ್ನು ಪ್ರಚೋದಿಸುತ್ತದೆಂದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ.

ಆದ್ದರಿಂದ ಬಳ್ಳಿ ಒಂದೇ ಆದರೂ ಅದರಿಂದ ಸಿದ್ಧವಾಗುವ ಔಷಧಗಳೆಲ್ಲ ಒಂದೇ ಅಲ್ಲ. ಕಾಂಡವನ್ನು ಜಜ್ಜಿ, ನೀರಿನಲ್ಲಿ ನೆನೆಯಿಸಿ, ಕೆಳಗೆ ತಂಗಿದ್ದನ್ನು ಒಣಗಿಸಿದಾಗ ದೊರೆಯುವ ಬಿಳಿಯ ‘ಸತ್ವ’ದಲ್ಲಿ ಬಹುಪಾಲು ಪಿಷ್ಟವೇ ಇರುತ್ತದೆ, ನೀರಿನಲ್ಲಿ ಕರಗುವ ಕಹಿ ದ್ರವ್ಯಗಳು ಹೆಚ್ಚಾಗಿ ಬಸಿದ ನೀರಿನೊಡನೆ ಹೋಗಿಬಿಡುತ್ತವೆ. ಕಷಾಯದಲ್ಲಿ ಅವೇ ದ್ರವ್ಯಗಳು ಉಳಿಯುತ್ತವೆ. ಗ್ರಂಥಿಗೆ ಅಂಗಡಿಯ ಚೂರ್ಣ, ಕಾರ್ಖಾನೆಯ ಗುಳಿಗೆ, ಹಸಿ ರಸ ಇವುಗಳ ಶಕ್ತಿಯೂ ಬೇರೆ ಬೇರೆ. ಒಂದರ ಅಳತೆಯನ್ನು ಮತ್ತೊಂದಕ್ಕೆ ಅನ್ವಯಿಸುವುದು ತರವಲ್ಲ.

ಗುಣಕ್ಕೆ ಆಧಾರ

ಅಮೃತಬಳ್ಳಿಯ ಕೀರ್ತಿ ಬರಿಯ ನಂಬಿಕೆಯ ಮೇಲೆ ನಿಂತುದಲ್ಲ. ಪಿತ್ತನಾಳವು ಅಡಚಿಕೊಂಡು ಕಾಮಾಲೆಯಾದ, ಶಸ್ತ್ರಚಿಕಿತ್ಸೆ ಅಗತ್ಯವಾಗಿದ್ದ 30 ರೋಗಿಗಳ ಮೇಲೆ ನಡೆಸಿದ ಅಧ್ಯಯನವನ್ನು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ತಜ್ಞರು 1993ರಲ್ಲಿ ಪ್ರಕಟಿಸಿದರು. ವಾಡಿಕೆಯ ಚಿಕಿತ್ಸೆಯನ್ನು ಮಾತ್ರ ಪಡೆದವರಲ್ಲಿ ಅರ್ಧದಷ್ಟು ಮಂದಿಗೆ ರಕ್ತದ ನಂಜು ಕಾಣಿಸಿಕೊಂಡಿತು. ಅದರೊಡನೆ ಅಮೃತಬಳ್ಳಿಯ ಸಾರವನ್ನೂ ಪಡೆದವರಲ್ಲಿ ಅದು ಯಾರಿಗೂ ಬರಲಿಲ್ಲ. ಅಧ್ಯಯನ ಚಿಕ್ಕದಾದರೂ ಫಲಿತಾಂಶ ಗಮನಾರ್ಹ. ಇಲ್ಲಿ ಮರೆಯಲಾಗದ ಸಂಗತಿಯೊಂದಿದೆ. ಆ ರೋಗಿಗಳು ಸಾರವನ್ನು ದೇಹದ ತೂಕಕ್ಕೆ ತಕ್ಕ ಅಳತೆಯಲ್ಲಿ, ಗೊತ್ತಾದ ಅವಧಿಗೆ, ವೈದ್ಯರ ಕಣ್ಣೆದುರಿನಲ್ಲಿ ಸೇವಿಸಿದ್ದರು.

ಅಪಾಯದ ಮುಖ

2021ರಲ್ಲಿ ಮುಂಬಯಿಯ ಯಕೃತ್ ತಜ್ಞರು ಅಮೃತಬಳ್ಳಿಯ ಸೇವನೆಯ ಬಳಿಕ ಯಕೃತ್ತಿಗೆ ಹಾನಿಯಾದ 6 ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಮರುವರ್ಷ ದೇಶದ 13 ಕೇಂದ್ರಗಳಿಂದ ಇಂತಹ 43 ರೋಗಿಗಳ ವರದಿ ಬಂದಿತು. ಹಲವರಲ್ಲಿ ಕಂಡ ಲಕ್ಷಣಗಳು, ದೇಹದ ರಕ್ಷಣಾ ವ್ಯವಸ್ಥೆಯು ತನ್ನ ಯಕೃತ್ತಿನ ಮೇಲೆಯೇ ತಿರುಗಿಬೀಳುವ ರೋಗವನ್ನು ಹೋಲುತ್ತಿದ್ದವು. ಸೇವನೆ ನಿಲ್ಲಿಸಿದ ಮೇಲೆ ಬಹುತೇಕರು ಚೇತರಿಸಿಕೊಂಡರು. ಮೊದಲೇ ಯಕೃತ್ತಿನ ರೋಗವಿದ್ದವರ ಪಾಡು ಕಠಿಣವಾಯಿತು. ರಕ್ಷಕ ಕೋಶಗಳನ್ನು ಎಚ್ಚರಿಸುವ ಗುಣವು ನಂಜನ್ನು ತಡೆಯಬಲ್ಲುದಾದರೆ, ಅದೇ ಗುಣವು ಕೆಲವರ ದೇಹದಲ್ಲಿ ಅತಿಯಾಗಿ ಕೆಡುಕನ್ನೂ ತರಬಲ್ಲುದೆಂದು ತಜ್ಞರು ತರ್ಕಿಸುತ್ತಾರೆ.

ಆಯುಷ್ ಸಚಿವಾಲಯವು ಈ ನಿರ್ಣಯವನ್ನು ಒಪ್ಪಲಿಲ್ಲ. ಟೈನೋಸ್ಪೊರಾ ಕ್ರಿಸ್ಪಾ ಎಂಬ ಸೋದರ ಸಸ್ಯವನ್ನು ಅಮೃತಬಳ್ಳಿಯೆಂದು ಭ್ರಮಿಸಿ ಸೇವಿಸಿರುವ ಸಾಧ್ಯತೆಯತ್ತ ಅದು ಬೊಟ್ಟುಮಾಡಿತು. ಕ್ರಿಸ್ಪಾದ ಕಾಂಡದ ಮೇಲೆ ಒತ್ತಾಗಿ ಗಂಟುಗಂಟಾದ ಉಬ್ಬುಗಳಿರುತ್ತವೆ, ಮುರಿದರೆ ಹಾಲಿನಂತಹ ದ್ರವ ಒಸರುತ್ತದೆ. ನಿಜವಾದ ಅಮೃತಬಳ್ಳಿಯಲ್ಲಿ ಇವೆರಡೂ ಇಲ್ಲ. ಅದರ ಹಣ್ಣು ಗುಂಡಗೆ, ಕೆಂಪಗೆ ಇರುತ್ತದೆ. ವಾದ ಯಾವ ಕಡೆಗೆ ತೀರ್ಮಾನವಾದರೂ ಬಳಸುವವರು ವಹಿಸಬೇಕಾದ ಎಚ್ಚರಿಕೆ ಒಂದೇ.

ಸೇವಿಸುವವರು ಗಮನಿಸಬೇಕಾದುದು

ಅಮೃತಬಳ್ಳಿಯನ್ನು ಚಹಾದಂತೆ ದಿನನಿತ್ಯ, ತಿಂಗಳುಗಟ್ಟಲೆ ಕುಡಿಯಬಾರದು. ಅರ್ಹ ಆಯುರ್ವೇದ ವೈದ್ಯರು ಗೊತ್ತುಪಡಿಸಿದ ರೂಪ, ಪ್ರಮಾಣ, ಅವಧಿಗಳನ್ನು ಮೀರಬಾರದು. ಯಕೃತ್ತಿನ ರೋಗವುಳ್ಳವರು, ಥೈರಾಯ್ಡ್ ಅಥವಾ ಕೀಲುಗಳ ಸ್ವಯಂನಿರೋಧಕ ರೋಗವುಳ್ಳವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ಗರ್ಭಿಣಿಯರು ಮತ್ತು ಮೊಲೆಯೂಡುವ ತಾಯಂದಿರು ತಾವಾಗಿ ಇದನ್ನು ಆರಂಭಿಸಬಾರದು. ಸಕ್ಕರೆ ಕಾಯಿಲೆಯ ಮಾತ್ರೆಗಳೊಡನೆ ಸೇವಿಸಿದರೆ ರಕ್ತದ ಸಕ್ಕರೆ ಅತಿಯಾಗಿ ಇಳಿಯುವ ಸಂಭವವಿದೆ. ಆ ಮಾತ್ರೆಗಳನ್ನು ತಾವಾಗಿ ನಿಲ್ಲಿಸುವುದಂತೂ ಕೂಡದು. ಕಣ್ಣು ಹಳದಿಯಾಗುವುದು, ಮೂತ್ರ ಗಾಢವರ್ಣವಾಗುವುದು, ಹಸಿವು ಕುಂದುವುದು, ಮೈತುರಿಕೆ ಇವುಗಳಲ್ಲಿ ಯಾವುದು ಕಂಡರೂ ಸೇವನೆಯನ್ನು ಕೂಡಲೇ ನಿಲ್ಲಿಸಿ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಬೇಕು. ಯಾವ ಬಳ್ಳಿ, ಎಷ್ಟು ದಿನ, ಯಾವ ರೂಪದಲ್ಲಿ ಸೇವಿಸಿದಿರೆಂಬುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಎಷ್ಟೋ ರೋಗಿಗಳು ‘ಅದು ಮನೆಮದ್ದು ತಾನೆ’ ಎಂದು ಈ ಮಾತನ್ನೇ ಬಿಟ್ಟುಬಿಡುವುದರಿಂದ ರೋಗದ ಮೂಲ ತಿಳಿಯದೆ ಹೋಗುತ್ತದೆ.

ಹಿತ್ತಲಿನ ಬಳ್ಳಿಯನ್ನು ಕಿತ್ತೊಗೆಯಬೇಕಾಗಿಲ್ಲ. ಸರಿಯಾದ ಬಳ್ಳಿಯನ್ನು ಗುರುತಿಸಿ, ಬೆಳೆಸಿ, ಬೇಕಾದಾಗ ಬೇಕಾದಷ್ಟನ್ನೇ ವೈದ್ಯರ ಸಲಹೆಯಂತೆ ಬಳಸಿದರೆ ಹಿರಿಯರು ಇಟ್ಟ ಅಮೃತವೆಂಬ ಹೆಸರಿಗೆ ನಾವೂ ನ್ಯಾಯ ಸಲ್ಲಿಸಿದಂತಾಗುತ್ತದೆ.