ಪುಸ್ತಕಕ್ಕೆ ಯಾವ ಕಾಗದ?

ಕಥಾಸಂಕಲನ ಅಚ್ಚಿಗೆ ಕೊಡ್ತಿದ್ದೀರಾ? ಹೊಳೆಯುವ ಆರ್ಟ್ ಪೇಪರ್‌ಗೆ ಮರುಳಾಗಬೇಡಿ. ಫೋಟೊಗಳಿಗೆ ಅದು ಚೆಂದ. ಓದಲು ಕೂತರೆ ದೀಪದ ಬೆಳಕು ಕಣ್ಣಿಗೆ ಹೊಡೆಯುತ್ತೆ. ಒಳಪುಟಕ್ಕೆ ಹೊಳಪಿಲ್ಲದ 70 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದ ಸಾಕು. ಕೆನೆಬಣ್ಣದ್ದು ಸಿಕ್ಕರೆ ಇನ್ನೂ ಹಿತ. ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ. ದಪ್ಪ ಅಲ್ಲ! ಮುಖಪುಟಕ್ಕೆ 250ರಿಂದ 300 ಜಿಎಸ್‌ಎಂ ಆರ್ಟ್ ಕಾರ್ಡ್.

ನಾನಂತೂ ಮೊದಲು ನೋಡೋದು ಕಾಗದದ ಎಳೆ, ಅಂದ್ರೆ ಅದರ ನಾರು ಓಡುವ ದಿಕ್ಕು. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮಡಚಿ. ಮಡಿಕೆ ಯಾವ ಕಡೆ ಸಲೀಸಾಗಿ, ನೇರವಾಗಿ ಬರುತ್ತೋ ಎಳೆ ಆ ಕಡೆಗೇ ಓಡುತ್ತೆ. ಅದು ಪುಸ್ತಕದ ಬೆನ್ನಿನ ಉದ್ದಕ್ಕೇ ಇರಲಿ. ಅಡ್ಡಕ್ಕಿದ್ದರೆ ಪುಟ ಬಿಗಿಯುತ್ತೆ, ತೆರೆದಿಟ್ಟ ಪುಸ್ತಕ ತಾನೇ ಮುಚ್ಚಿಕೊಳ್ಳುತ್ತೆ, ಮಳೆಗಾಲದ ತೇವಕ್ಕೆ ಬೆನ್ನಿನ ಹತ್ತಿರ ಅಲೆ ಏಳುತ್ತೆ.

ಮಾದರಿ ಹಾಳೆಯ ಎರಡೂ ಬದಿ ಅಚ್ಚು ಹಾಕಿಸಿ. ಹಿಂಬದಿಯ ಅಕ್ಷರ ಇಣುಕಿದರೆ ಬೇರೆ ಕಾಗದ ಕೇಳಿ.