ಸೈನೈಡ್ ಗುಡ್ಡಗಳ ಧೂಳು ಮತ್ತು ನಮ್ಮ ಉಸಿರು

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಸಾಗುವ ರೈಲಿನಲ್ಲಿ ಕುಳಿತವರಿಗೆ ಕೆ.ಜಿ.ಎಫ್. ಸಮೀಪಿಸುತ್ತಿದ್ದಂತೆ ಬೂದುಬಣ್ಣದ ಬೋಳು ದಿಬ್ಬಗಳು ಕಾಣುತ್ತವೆ. ಜನರು ಅವನ್ನು ಸೈನೈಡ್ ಗುಡ್ಡಗಳೆಂದು ಕರೆಯುತ್ತಾರೆ. ಚಲನಚಿತ್ರದವರಿಗೆ ಅವು ಚಿತ್ರೀಕರಣದ ತಾಣ. ಅವುಗಳ ಮಗ್ಗುಲಲ್ಲೇ ಬಾಳುತ್ತಿರುವ ಕುಟುಂಬಗಳಿಗೆ ಮಾತ್ರ, ಆಷಾಢದ ಗಾಳಿ ಎದ್ದೊಡನೆ ಕಿಟಕಿ ಮುಚ್ಚಿ, ನೀರಿನ ಕೊಡಕ್ಕೆ ತಟ್ಟೆ ಮುಚ್ಚಿಡಬೇಕಾದ ಅನಿವಾರ್ಯತೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಗಣಿಗಾರಿಕೆ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಕಾಲದಲ್ಲಿ, 2001ರ ಫೆಬ್ರವರಿ 28ರಂದು ನಿಂತುಹೋಯಿತು. ಈ 120 ವರ್ಷಗಳಲ್ಲಿ ಭೂಗರ್ಭದಿಂದ ತೆಗೆದ ಬಂಡೆಯನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿಕೊಂಡು, ಮಿಕ್ಕ ಹಿಟ್ಟನ್ನು ಹೊರಗೆ ಸುರಿಯಲಾಯಿತು. ಹೀಗೆ ಬೆಳೆದ ರಾಶಿಗಳು 13. ಅವು ಹರಡಿರುವ ನೆಲ ಸುಮಾರು 1,003 ಎಕರೆ. ತೂಕ ಸುಮಾರು 3.3 ಕೋಟಿ ಟನ್. ಈ ರಾಶಿಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ 2024ರ ಜೂನ್ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಸಮ್ಮತಿಸಿತು. ಕೂಲಿಗಾಗಿ ನಸುಕಿನಲ್ಲೇ ಬೆಂಗಳೂರಿನ ರೈಲು ಹತ್ತುವ ಊರಿಗೆ ಕೆಲಸದ ಆಸೆ ಸಹಜ. ಆ ಆಸೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಕದಡಲಿರುವುದು ಜನವಸತಿಯ ನಡುವಣ ಧೂಳಿನ ರಾಶಿ ಎಂಬುದನ್ನು ಮರೆಯುವಂತಿಲ್ಲ.

ಸೈನೈಡ್ ಎಂಬ ಹೆಸರೇ ಭಯ ಹುಟ್ಟಿಸುತ್ತದೆ. ಬಿಸಿಲು, ಗಾಳಿಗೆ ದಶಕಗಳ ಕಾಲ ಒಡ್ಡಿಕೊಂಡ ಮೇಲ್ಪದರದಲ್ಲಿ ಸೈನೈಡಿನ ಬಹುಭಾಗ ವಿಘಟನೆ ಹೊಂದುತ್ತದೆ. ವಿಘಟನೆ ಹೊಂದದೆ ಉಳಿಯುವುದು ಬೆಣಚುಕಲ್ಲಿನ ಪುಡಿ, ಅಂದರೆ ಸಿಲಿಕಾ. ನಮ್ಮ ದೃಷ್ಟಿಯಲ್ಲಿ ಹೆಚ್ಚು ಚಿಂತಿಸಬೇಕಾದದ್ದು ಇದರ ಬಗ್ಗೆ. ಕೂದಲೆಳೆಯ ದಪ್ಪದ ಹತ್ತನೆಯ ಒಂದು ಭಾಗಕ್ಕಿಂತಲೂ ಸಣ್ಣದಾದ ಕಣ ಮೂಗಿನಲ್ಲಿ ತಡೆಯಲ್ಪಡದೆ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅಲ್ಲಿ ಮೃದುವಾದ ಅಂಗಾಂಶ ಗಾಯದ ಕಲೆಯಂತೆ ಗಡುಸಾಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಪೂರ್ಣ ಗುಣಪಡಿಸುವ ಔಷಧವಿಲ್ಲ. ಕ್ಷಯರೋಗವೂ ಇಂತಹ ಶ್ವಾಸಕೋಶವನ್ನು ಸುಲಭವಾಗಿ ಹಿಡಿಯುತ್ತದೆ. ಕೋಲಾರದ ಗಣಿ ಕಾರ್ಮಿಕರಲ್ಲಿ ಈ ರೋಗವನ್ನು ವೈದ್ಯರು 1940ರ ದಶಕದಲ್ಲಿಯೇ ದಾಖಲಿಸಿದ್ದರು.

ಸುರಂಗದ ಕಾರ್ಮಿಕನು ಸೇವಿಸಿದಷ್ಟು ಧೂಳನ್ನು ನಿವಾಸಿಗಳು ಸೇವಿಸುವುದಿಲ್ಲ, ನಿಜ. ಆದರೆ ಕಾರ್ಮಿಕನಿಗೆ ಪಾಳಿಯೊಂದಿತ್ತು; ಮನೆಯಲ್ಲಿರುವ ಕೂಸಿಗೂ ಅಜ್ಜಿಗೂ ಪಾಳಿ ಮುಗಿಯುವುದಿಲ್ಲ. ಗಣಿ ಕಾನೂನಿನಡಿ ಕಾರ್ಮಿಕನ ಸಿಲಿಕೋಸಿಸ್ ಅನ್ನು ವರದಿ ಮಾಡಲೇಬೇಕು, ಅವನಿಗೆ ಪರಿಹಾರದ ಹಕ್ಕೂ ಇದೆ. ಬೇಲಿಯಾಚೆಯ ಗೃಹಿಣಿಯ ಕೆಮ್ಮನ್ನು ಬರೆದಿಡುವ ಅಂತಹ ದಫ್ತರವಿಲ್ಲ.

ಇಲ್ಲಿ ಸಣ್ಣ ಲೆಕ್ಕವೊಂದಿದೆ. ಈ ರಾಶಿಗಳ ಒಂದು ಟನ್ ಪುಡಿಯಲ್ಲಿರುವ ಚಿನ್ನ ಒಂದು ಗ್ರಾಂಗೂ ಕಡಿಮೆ. ಎಂದರೆ ಚಿನ್ನವನ್ನೆಲ್ಲ ತೆಗೆದ ಮೇಲೂ 3.3 ಕೋಟಿ ಟನ್ ಪುಡಿ ಹಾಗೆಯೇ ಉಳಿಯುತ್ತದೆ. ಗುಡ್ಡ ಕರಗುವುದಿಲ್ಲ, ಸ್ಥಳ ಬದಲಿಸುತ್ತದೆ. ಹೊಸ ರಾಶಿ ಯಾವ ಬಡಾವಣೆಯ ಪಕ್ಕದಲ್ಲಿ ಏಳುತ್ತದೆ, ಅದರ ಮೇಲೆ ಮಣ್ಣು ಹೊದಿಸಿ ಹಸಿರು ಬೆಳೆಸುವವರು ಯಾರು, ಮತ್ತೆ ಸೈನೈಡ್ ಬಳಸುವುದಾದರೆ ಆ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲೇ ತಿಳಿಯಬೇಕು.

ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನ ಸುತ್ತಲೂ ಇಂತಹ ಹಳೆಯ ರಾಶಿಗಳಿಂದ ದಶಕಗಳಿಂದ ಚಿನ್ನ ತೆಗೆಯುತ್ತಿದ್ದಾರೆ. ಅಲ್ಲಿ ರಾಶಿಗೆ ರಭಸದಿಂದ ನೀರು ಚಿಮ್ಮಿಸಿ, ಕೆಸರು ಮಾಡಿ, ಕೊಳವೆಯಲ್ಲಿ ಕಾರ್ಖಾನೆಗೆ ಸಾಗಿಸುತ್ತಾರೆ. ಲಾರಿಯಲ್ಲಿ ಒಣಪುಡಿ ಹೇರುವುದಕ್ಕಿಂತ ಈ ವಿಧಾನದಲ್ಲಿ ಧೂಳು ಕಡಿಮೆ. ಆದರೆ ನೀರು? ಕೆ.ಜಿ.ಎಫ್. ಬಹುಕಾಲ ನಂಬಿದ್ದು ಪಾಲಾರ್ ನದಿಯ ಬೇತಮಂಗಲದ ಜಲಾಶಯವನ್ನು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಜಿಲ್ಲೆಯಿದು. ಧೂಳನ್ನು ತಣಿಸಲು ಬೇಕಾದ ನೀರಿನ ಮೂಲವನ್ನು ಹೇಳದ ಯೋಜನೆಗೆ ಒಪ್ಪಿಗೆ ಕೊಡುವುದು ಸರಿಯಲ್ಲವೆಂದು ನಾವು ಭಾವಿಸುತ್ತೇವೆ.

ಇಂತಹ ದೊಡ್ಡ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಸಭೆಗೆ 30 ದಿನ ಮೊದಲು ಪ್ರಕಟಣೆ ಹೊರಡಿಸಿ, ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕು. ಗಣಿ ಬಡಾವಣೆಗಳಲ್ಲಿ ತಮಿಳು ಮನೆಮಾತಿನ ಕುಟುಂಬಗಳೇ ಹೆಚ್ಚು. ಕನ್ನಡ ಬಲ್ಲ ನಮ್ಮ ಭಕ್ತರು ನೆರೆಯವರೊಡನೆ ಕುಳಿತು ಅದನ್ನು ಓದಿ ಹೇಳಿದರೆ ದೊಡ್ಡ ಉಪಕಾರ. ಗಾಳಿಯ ಮಟ್ಟವನ್ನು ಯಾವ ತಿಂಗಳಲ್ಲಿ ಅಳೆದಿದ್ದಾರೆಂಬುದನ್ನು ವರದಿಯಲ್ಲಿ ಅವಶ್ಯವಾಗಿ ನೋಡಬೇಕು. ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಅಳೆಯುವುದು ರೂಢಿ. ಕೋಲಾರದಲ್ಲಾದರೋ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಗಿಂತ ಗಾಳಿಯೇ ಜೋರು. ಆ ತಿಂಗಳುಗಳ ಲೆಕ್ಕವೂ ಇರಲೆಂದು ಲಿಖಿತವಾಗಿ ಕೇಳಬಹುದು. ಗಾಳಿಯಲ್ಲಿ 10 ಮೈಕ್ರಾನ್‌ವರೆಗಿನ ಕಣಗಳು ದಿನದ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಮಿತಿ.

ಅಲ್ಲಿಯವರೆಗೆ ಮನೆಯಲ್ಲಿ ಆಗುವಷ್ಟನ್ನು ಮಾಡಿಕೊಳ್ಳೋಣ. ಗಾಳಿಯ ದಿನಗಳಲ್ಲಿ ಒಣ ಕಸಬರಿಗೆಗಿಂತ ಒದ್ದೆ ಬಟ್ಟೆಯಿಂದ ನೆಲ ಒರೆಸುವುದು ಲೇಸು. ಮುಖಕ್ಕೆ ಕಟ್ಟಿದ ಸೆರಗು, ಟವೆಲ್ಲು ಸೂಕ್ಷ್ಮ ಧೂಳನ್ನು ತಡೆಯುವುದಿಲ್ಲ. ಹೊರಗೆ ದುಡಿಯುವವರಿಗೆ ಎನ್-95 ಮುಖಗವಸು ಬೇಕು. ಮಕ್ಕಳನ್ನು ದಿಬ್ಬಗಳ ಮೇಲೆ ಆಡಲು ಬಿಡಬಾರದು. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಹಿಂದೆ ಗಣಿಯಲ್ಲಿ ದುಡಿದ ಹಿರಿಯರು ವೈದ್ಯರ ಮುಂದೆ ಕೆಮ್ಮು, ಏದುಸಿರು ಎಂದಷ್ಟೇ ಹೇಳದೆ, ತಾವು ಎಷ್ಟು ವರ್ಷ ಗಣಿಯೊಳಗೆ ಇಳಿದಿದ್ದೆವೆಂಬುದನ್ನೂ ಹೇಳಬೇಕು. ಕ್ಷ-ಕಿರಣ ಚಿತ್ರವನ್ನು ವೈದ್ಯರು ಆಗ ಬೇರೆಯೇ ದೃಷ್ಟಿಯಿಂದ ನೋಡುತ್ತಾರೆ.